ವಧುವಿನ ಕೋಣೆ

ಫಾರಂ ಮೂರು ದಿನದಿಂದ ಮಷಿನ್ನಿನ ಡ್ರಾಯರಿನಲ್ಲಿದೆ,
ಬಾಬಿನ್ನುಗಳ ಕೆಳಗೆ, ಎಣ್ಣೆ ಹತ್ತಿ.
ಹೆಸರು: ಹುಲಿಗೆಮ್ಮ. ವಯಸ್ಸು: ಮೂವತ್ತೊಂಬತ್ತು.
ಕೆಲಸ: ಜೀನ್ಸ್, ಸೈಡ್ ಹೊಲಿಗೆ.
ಅಲ್ಲಿಗೆ ನಿಂತಿದ್ದೇನೆ.
ಮುಂದಿನ ಗೆರೆ ಕೇಳುತ್ತದೆ: ದಿನಕ್ಕೆ ಎಷ್ಟು?

ದಿನಕ್ಕೆ ನೂರಾ ಇಪ್ಪತ್ತು ಪ್ಯಾಂಟು, ಸೀಸನ್ನಿನಲ್ಲಿ ನೂರಾ ಅರವತ್ತು.
ಅದನ್ನು ಕೇಳಿದ್ದರೆ ನಿದ್ದೆಯಲ್ಲೂ ಬರೆಯುತ್ತಿದ್ದೆ.

ಮೊದಲನೆಯದನ್ನು ಕೊಟ್ಟವಳು ರೆಹಮತ್ ಬೀ,
ದಸರಾ ಆರ್ಡರಿನ ವಾರ, ಸೊಂಟ ಮುರಿದು ಬೀಳುವ ಹೊತ್ತಿಗೆ.
ಮೆಣಸಿನ ಕಾಳಿನಷ್ಟು, ಕರ್ರಗೆ, ನಾಲಿಗೆಗೆ ಕಹಿ.
"ಮಾತ್ರೆ ಅಲ್ಲಕ್ಕಾ ಇದು, ಬೇರು. ಗ್ರಂಧಿಗೆ ಅಂಗಡ್ಯಾಗ ಸಿಗ್ತೈತಿ,
ಅರಿಶಿಣ, ಕರ್ಪೂರದ ಪಕ್ಕದಾಗ."
ಅರಿಶಿಣದ ಪಕ್ಕ ಇದ್ದದ್ದು ಯಾರಿಗೆ ಏನು ಮಾಡೀತು?
ಆ ರಾತ್ರಿ ಸೂಜಿ ತಾನೇ ಓಡಿತು.
ಸೊಂಟ ಬೇರೆ ಯಾರದೋ ಆಗಿತ್ತು.
ಕೌಲ್‌ಬಜಾರಿನ ಕರೆಂಟು ಎರಡು ಸಲ ಹೋಗಿ ಬಂದರೂ
ಸಿಟ್ಟು ಬರಲಿಲ್ಲ ನನಗೆ.
ಅಷ್ಟು ಹಗುರಾಗಿ ಎಷ್ಟು ವರ್ಷವಾಗಿತ್ತೋ.

ರೆಹಮತ್ ಬೀ ಹಬ್ಬ ಮುಗಿದ ಮೇಲೆ ಬಿಟ್ಟಳು.
ನನಗೆ ಹಬ್ಬ ಮುಗಿಯಲಿಲ್ಲ.

ನನ್ನ ಅಣ್ಣ ಕುಡಿಯುತ್ತಿದ್ದ. ಅವನಿಗೆ ವಾಸನೆ ಇತ್ತು,
ಚರಂಡಿ ಇತ್ತು, ಎತ್ತಿಕೊಂಡು ಬರಲು ನಾಲ್ಕು ಜನ ಇದ್ದರು.
ನನಗೇನಿದೆ? ಬಾಯಿ ಮುಕ್ಕಳಿಸಿದರೆ ಏನೂ ಇಲ್ಲ.
ರೊಟ್ಟಿ ಬಡಿಯುತ್ತೇನೆ, ಬಾಡಿಗೆ ಕಟ್ಟುತ್ತೇನೆ,
ಹೊಲಿಗೆ ಒಂದೂ ಸೊಟ್ಟಗಾಗಿಲ್ಲ.
ಚಟ ಅನ್ನುವ ಮಾತಿಗೆ ನಮ್ಮ ಓಣಿಯಲ್ಲಿ ಮೀಸೆ ಇದೆ.

ಆದರೆ ಯುಗಾದಿಯ ಹಿಂದಿನ ವಾರ ಅಂಗಡಿ ಮುಚ್ಚಿತ್ತು, ಎರಡು ದಿನ;
ಶೆಟ್ಟರು ಯಾರದೋ ಮಣ್ಣಿಗೆಂದು ಗುಂತಕಲ್ಲಿಗೆ ಹೋಗಿದ್ದರು.
ಮೊದಲ ಸಂಜೆ ಆಕಳಿಕೆ. ಆಕಳಿಸಿ ಆಕಳಿಸಿ ದವಡೆ ನೋವು.
ಆಮೇಲೆ ಮೂಗು ಸೋರಿತು, ಅಳದೆಯೇ ಕಣ್ಣು ಸೋರಿತು,
ಬಳ್ಳಾರಿಯ ಬೇಸಗೆಯಲ್ಲಿ, ತಗಡಿನ ಕೆಳಗೆ,
ಚಳಿ ಹತ್ತಿ ಮೈಯ ಕೂದಲೆಲ್ಲ ನಿಂತಿತು.
ಕಾಲು ಮಾತ್ರ ನಿಲ್ಲಲಿಲ್ಲ,
ಪೆಡಲು ಇಲ್ಲದೆಯೂ ತುಳಿಯುತ್ತಿತ್ತು ರಾತ್ರಿಯಿಡೀ.
ಮಗಳು ಸುನೇತ್ರಾ ಎರಡು ರಗ್ಗು ಹೊದಿಸಿ ಕೇಳಿದಳು:
"ಮಲೇರಿಯಾ ಏನವ್ವಾ?"
ಹೂಂ ಅಂದೆ.
ಮೂರನೇ ದಿನ, ಶಟರ್ ಎತ್ತುವ ಮೊದಲೇ ಅದರ ಮುಂದೆ ನಿಂತಿದ್ದೆ.
ಕಾಲಲ್ಲಿ ಚಪ್ಪಲಿ ಇಲ್ಲವೆಂದು
ಶೆಟ್ಟರು ತೋರಿಸಿದ ಮೇಲೆ ಗೊತ್ತಾಯಿತು.

ಹೋಗಿ ನೋಡಿಯೂ ಬಂದೆ. ಹೊಸಪೇಟೆ ರಸ್ತೆಯಲ್ಲಿ,
ಮೊದಲು ಕಲ್ಯಾಣ ಮಂಟಪವಂತೆ.
ಊಟದ ಹಾಲಿನಲ್ಲಿ ಗಂಡಸರ ಮೂವತ್ತು ಮಂಚ.
ಹೆಂಗಸರಿಗೆ ನಾಲ್ಕು, ಮಹಡಿಯಲ್ಲಿ;
ಬಾಗಿಲ ಮೇಲೆ ಬರೆದದ್ದನ್ನು ಇನ್ನೂ ಅಳಿಸಿಲ್ಲ: ವಧುವಿನ ಕೋಣೆ.
ಮೂರು ಮಂಚ ಖಾಲಿ. ನಾಲ್ಕನೆಯದರಲ್ಲಿ ಸಿರುಗುಪ್ಪದ ಟೀಚರಮ್ಮ,
ಗೋಡೆಯುದ್ದದ ಕನ್ನಡಿಗೆ ಬೆನ್ನು ಮಾಡಿ ಶೇಂಗಾ ಸುಲಿಯುತ್ತಿದ್ದರು.
"ಮೊದಲ ಐದು ದಿನ ಕೆಟ್ಟದ್ದು," ಅಂದರು. "ಆರನೇ ದಿನದಿಂದ ಬೇಜಾರು."
ನಗಿಸಲೆಂದೋ, ನಿಜವೋ ತಿಳಿಯಲಿಲ್ಲ.
ನಲವತ್ತೈದು ದಿನ. ಫೋನಿಲ್ಲ. ಭಾನುವಾರ ಒಬ್ಬರು ಬರಬಹುದು.

ಮನೆಯಲ್ಲೇ ಬಿಡಬಹುದಲ್ಲ, ದಿನಕ್ಕೊಂದು ಕಮ್ಮಿ ಮಾಡಿ?
ಮಾಡಿದ್ದೇನೆ. ಮಾರ್ಕಿಂಗ್ ಚಾಕಿನಲ್ಲಿ ಗೋಡೆಗೆ ಗೆರೆ ಎಳೆದು, ಎರಡು ಸಲ.
ಗೆರೆ ನನ್ನವು. ಒರೆಸುವ ಬಟ್ಟೆಯೂ ನನ್ನದೇ.

ಮಾಲೀಕ ಮಷಿನ್ನನ್ನು ಖಾಲಿ ಬಿಡುವುದಿಲ್ಲ. ತಿರುಗಿ ಬಂದಾಗ
ಯಾವುದೋ ಹುಡುಗಿ ಕೂತಿರುತ್ತಾಳೆ, ನಾನು ಹೊಲಿದ ದಿಂಬಿನ ಮೇಲೆ.
ಸಂಘದಲ್ಲಿ ಸಾಲ ಕೇಳಿದೆ. ಕಾರಣ ಏನು ಬರೀಲಿ ಅಂದಳು ಈರಮ್ಮ.
ಸುಮ್ಮನಿದ್ದೆ. ಅವಳೇ ಬರೆದಳು: ಮಷಿನ್ ರಿಪೇರಿ.
ಗೊತ್ತಿತ್ತೋ ಏನೋ, ತಲೆ ಎತ್ತಲಿಲ್ಲ.

ವಾಷಿಂಗ್ ಯೂನಿಟ್ಟಿನಲ್ಲಿ ಹೊಸ ಪ್ಯಾಂಟನ್ನು ಕಲ್ಲಿನ ಜೊತೆ ತಿರುಗಿಸಿ
ಹಳೆಯದು ಮಾಡುತ್ತಾರೆ; ಅದಕ್ಕೇ ಹೆಚ್ಚು ರೇಟು.
ಹಳೆಯದನ್ನು ಹೊಸದು ಮಾಡುವ ಡ್ರಮ್ಮು ನಾನು ಕಂಡಿಲ್ಲ.
ಅವರೂ ಹಾಗೆ ಹೇಳಲಿಲ್ಲ, ಪಾಪ.
ನಿದ್ದೆ ಬರುತ್ತದೆ ಅಂದರು, ಅಷ್ಟೇ.

ಈಗ ರಾತ್ರಿ ಹತ್ತು. ಕರೆಂಟಿಲ್ಲ.
ಕೋಟೆ ಗುಡ್ಡ ಹಗಲೆಲ್ಲ ಕುಡಿದ ಬಿಸಿಯನ್ನು ಊರ ಮೇಲೆ ಉಸಿರುತ್ತಿದೆ.
ಸುನೇತ್ರಾ ಮೊಬೈಲಿನ ಬೆಳಕು ಹಿಡಿದಿದ್ದಾಳೆ.
ಹಿಡಿ ಅಂತ ನಾನು ಹೇಳಿಲ್ಲ, ಏನದು ಅಂತ ಅವಳು ಕೇಳಿಲ್ಲ.

ದಿನಕ್ಕೆ ಎಷ್ಟು?
ನಾಲ್ಕು ಎಂದು ಬರೆದೆ.
ಬೆಳಕು ಅಲುಗಲಿಲ್ಲ.
ಹೊಡೆದು ಹಾಕಿ, ಹನ್ನೊಂದು ಎಂದು ಬರೆದೆ.
"ಹದಿನಾಲ್ಕವ್ವಾ," ಅಂದಳು. "ನಾ ಎಣಿಸೀನಿ."